ಮನಃಕ್ಲೇಶವನ್ನು ಅಳೆಯುವ ಬಗೆಯೂ ಅದರಿಂದ ನಾವು ಕಲಿಯತಕ್ಕ ಪಾಠವೂ



ಮಗುವಿನ ಮೈ ಬಿಸಿಯಾದರೆ ತಾಯಿಯಾದವಳು ಮೊದಲು ಹಣೆಯನ್ನು ಮುಟ್ಟಿ ನೋಡುತ್ತಾಳೆ. ಸಂದೇಹ ತೋರಿದರೆ ಥರ್ಮಾಮೀಟರನ್ನು ಇಡುತ್ತಾಳೆ. ಅಂಕೆ ನೂರನ್ನು ದಾಟಿದ್ದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗುತ್ತಾಳೆ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಅದೇ ಮಗಳು ವಾರಗಟ್ಟಲೆ ನಿದ್ರೆಯಿಲ್ಲದೆ ಹೊರಳಾಡಿದರೆ, ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದರೆ, ಪ್ರೀತಿಯ ಗೆಳತಿಯ ಸಂಗಡವೂ ಮಾತು ಬಿಟ್ಟರೆ, ನಾವು ಸಾಮಾನ್ಯವಾಗಿ ಹೇಳುವುದೇನು? “ಹಟಮಾರಿಯಾಗಿದ್ದಾಳೆ,” “ಓದುವುದಕ್ಕೆ ಸೋಮಾರಿತನ,” “ಈ ವಯಸ್ಸೇ ಹಾಗೆ.” ದೇಹದ ತಾಪಕ್ಕೆ ಅಳತೆಗೋಲು ಮನೆಮನೆಯಲ್ಲಿಯೂ ಉಂಟು. ಮನಸ್ಸಿನ ತಾಪಕ್ಕೂ ಅಳತೆಗೋಲು ಉಂಟೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆ ಅಳತೆಗೋಲನ್ನು ಹೇಗೆ ನಿರ್ಮಿಸಿದರು, ಅದರಿಂದ ಏನು ತಿಳಿದುಬಂದಿತು, ಮನೆಯೂ ಶಾಲೆಯೂ ಅದರಿಂದ ಯಾವ ಉಪಯೋಗವನ್ನು ಪಡೆಯಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮನಃಕ್ಲೇಶವು ಬೇರೆ, ಮನೋರೋಗವು ಬೇರೆ. ತಂದೆಯನ್ನು ಕಳೆದುಕೊಂಡ ಹುಡುಗಿ ಅಳುವುದು ರೋಗವಲ್ಲ. ಪರೀಕ್ಷೆಯ ಮುನ್ನಾದಿನ ಎದೆ ಬಡಿದುಕೊಳ್ಳುವುದು ರೋಗವಲ್ಲ. ಮದುವೆಯಾಗಿ ಪರವೂರಿಗೆ ಹೋದವಳು ತವರನ್ನು ನೆನೆದು ಮಂಕಾಗುವುದೂ ರೋಗವಲ್ಲ. ಚಿಂತೆ, ದುಃಖ, ನಿದ್ರಾಭಂಗ, ಸಿಡುಕು, ಕಾರಣವಿಲ್ಲದ ಆಯಾಸ ಇವುಗಳೆಲ್ಲ ಸೇರಿದ ಭಾರಕ್ಕೆ ಮನಃಕ್ಲೇಶವೆಂದು ಹೆಸರು. ಅದು ಬಾಳಿನಲ್ಲಿ ಎಲ್ಲರಿಗೂ ಬರುವುದು, ಬಹುಮಟ್ಟಿಗೆ ತಾನಾಗಿಯೇ ಇಳಿಯುವುದು. ಆದರೆ ಅದು ಬಹುದಿನ ನಿಂತು, ತೀವ್ರವಾಗಿ, ದಿನದಿನದ ಕೆಲಸಕ್ಕೆ ಅಡ್ಡಿಯಾಗುವಂತೆ ಬೆಳೆದರೆ ಖಿನ್ನತೆ ಮುಂತಾದ ಕಾಯಿಲೆಗಳ ಗಡಿಯನ್ನು ಮುಟ್ಟಿದೆಯೋ ಏನೋ ಎಂದು ವಿಚಾರಿಸುವುದು ಅವಶ್ಯವಾಗುತ್ತದೆ. ಕಾಲ, ತೀವ್ರತೆ, ಕೆಲಸಕ್ಕೆ ಅಡ್ಡಿ ಎಂಬ ಈ ಮೂರು ಗುರುತುಗಳನ್ನು ಪ್ರತಿಯೊಬ್ಬ ತಾಯಿಯೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

೧೯೪೬ರಲ್ಲಿ ಅಂಗೀಕೃತವಾಗಿ ೧೯೪೮ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು, ಆರೋಗ್ಯವೆಂದರೆ ಕೇವಲ ರೋಗವಿಲ್ಲದಿರುವುದಲ್ಲ, ದೇಹ, ಮನಸ್ಸು, ಸಮಾಜಜೀವನ ಈ ಮೂರರ ಪೂರ್ಣ ಕ್ಷೇಮವೆಂದು ಸಾರಿತು. ಮಾತು ಉದಾತ್ತವಾದದ್ದೇ. ಆದರೆ ಸಾರ್ವಜನಿಕ ಆರೋಗ್ಯದ ಸಂಶೋಧಕರಿಗೆ ಉದಾತ್ತವಾದ ಮಾತಷ್ಟೇ ಸಾಲದು. ವೈದ್ಯನು ತನ್ನೆದುರಿಗೆ ಕುಳಿತ ಒಬ್ಬ ರೋಗಿಯನ್ನು ಕಾಣುತ್ತಾನೆ. ಸಂಶೋಧಕನು ಇಡೀ ಊರನ್ನು, ಇಡೀ ಜಿಲ್ಲೆಯನ್ನು ಕಾಣಬೇಕು. ಎಷ್ಟು ಜನ ನರಳುತ್ತಿದ್ದಾರೆ, ಯಾರು ಹೆಚ್ಚು ನರಳುತ್ತಿದ್ದಾರೆ, ಯಾವ ಉಪಾಯದಿಂದ ಆ ಸಂಖ್ಯೆ ಇಳಿಯುತ್ತದೆ ಎಂಬುದು ಅವನ ಪ್ರಶ್ನೆ. ರಕ್ತದಲ್ಲಿಯಾಗಲಿ ಎಕ್ಸ್‌ರೇ ಚಿತ್ರದಲ್ಲಿಯಾಗಲಿ ಕ್ಲೇಶವು ಕಾಣದು. ಹಾಗಾದರೆ ಅದನ್ನು ತಿಳಿಯುವ ದಾರಿ ಯಾವುದು? ಕೇಳುವುದೊಂದೇ ದಾರಿ. ಆದುದರಿಂದ ಕೇಳುವ ಕ್ರಮವನ್ನೇ ಶಾಸ್ತ್ರೀಯವಾಗಿ ರೂಪಿಸಬೇಕಾಯಿತು.

ಈ ಕಾರ್ಯದಲ್ಲಿ ಪ್ರಸಿದ್ಧವಾದ ಹೆಸರು ಇಂಗ್ಲೆಂಡಿನ ಮನೋವೈದ್ಯ ಡೇವಿಡ್ ಗೋಲ್ಡ್‌ಬರ್ಗ್ ಅವರದು. ಅವರು ೧೯೭೨ರಲ್ಲಿ ಸಾಮಾನ್ಯ ಆರೋಗ್ಯ ಪ್ರಶ್ನಾವಳಿ ಎಂಬುದನ್ನು ಪ್ರಕಟಿಸಿದರು. ಮೊದಲು ಅದರಲ್ಲಿ ೬೦ ಪ್ರಶ್ನೆಗಳಿದ್ದುವು. ಮುಂದೆ ಅದರ ಸಂಕ್ಷೇಪವಾಗಿ ೧೨ ಪ್ರಶ್ನೆಗಳ ರೂಪವೂ ಬಂದು, ಲೋಕದ ಅನೇಕ ಭಾಷೆಗಳಲ್ಲಿ ಬಳಕೆಗೆ ಬಂದಿತು. ಅದರಲ್ಲಿ “ನಿನಗೆ ಹುಚ್ಚೇ?” ಎಂಬಂಥ ಪ್ರಶ್ನೆ ಒಂದೂ ಇಲ್ಲ. ಕಳೆದ ಕೆಲವು ವಾರಗಳಲ್ಲಿ ಚಿಂತೆಯಿಂದ ನಿದ್ರೆ ಕೆಟ್ಟಿತೇ, ಮಾಡುವ ಕೆಲಸದಲ್ಲಿ ಮನಸ್ಸು ನಿಂತಿತೇ, ತೀರ್ಮಾನಗಳನ್ನು ಕೈಗೊಳ್ಳುವ ಶಕ್ತಿ ಎಂದಿನಂತೆ ಇದ್ದಿತೇ, ತನ್ನಿಂದ ಇತರರಿಗೆ ಉಪಯೋಗವುಂಟೆಂದು ತೋರಿತೇ ಎಂಬ ಬಗೆಯ ಸಾಧಾರಣ ಸಂಗತಿಗಳನ್ನೇ ಕೇಳಲಾಗುತ್ತದೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳುಂಟು. ಅವು “ಎಂದಿನದಕ್ಕೆ ಹೋಲಿಸಿದರೆ” ಹೇಗೆ ಎಂಬುದನ್ನು ಹೇಳುತ್ತವೆ. ಈ “ಎಂದಿನದಕ್ಕೆ ಹೋಲಿಸಿದರೆ” ಎಂಬುದು ಬಹು ಜಾಣತನದ ಮಾತು. ಸ್ವಭಾವತಃ ಮೌನಿಯಾದ ಹುಡುಗಿ ಇಂದೂ ಮೌನವಾಗಿದ್ದರೆ ಅದರಲ್ಲಿ ವಿಶೇಷವಿಲ್ಲ; ಮಾತುಗಾತಿ ಮೌನವಾದರೆ ವಿಶೇಷವುಂಟು. ಮಗುವನ್ನು ಅದರ ಸ್ವಭಾವದೊಂದಿಗೆ ಹೋಲಿಸಬೇಕೇ ಹೊರತು ನೆರೆಮನೆಯ ಮಗುವಿನೊಂದಿಗಲ್ಲ ಎಂಬುದು ಇದರ ತಾತ್ಪರ್ಯ.

ಉತ್ತರಗಳಿಗೆ ಅಂಕಗಳನ್ನು ಕೊಟ್ಟು ಕೂಡಿಸಿದರೆ ಒಂದು ಮೊತ್ತ ಬರುತ್ತದೆ. ಮೊತ್ತವು ಗೊತ್ತಾದ ಮಿತಿಯನ್ನು ದಾಟಿದರೆ ಹೆಚ್ಚಿನ ವಿಚಾರಣೆ ಆವಶ್ಯಕವೆಂದು ಭಾವಿಸುತ್ತಾರೆ. ಇಲ್ಲಿ ಪೋಷಕರು ತಪ್ಪು ತಿಳಿಯಬಾರದು. ಪ್ರಶ್ನಾವಳಿಯು ಜರಡಿಯೇ ಹೊರತು ತೀರ್ಪಲ್ಲ. ಗಣಿತದ ಪಾಠದಂತೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ೧,೦೦೦ ಹುಡುಗಿಯರಲ್ಲಿ ೧೦೦ ಮಂದಿಗೆ ನಿಜವಾಗಿ ವೈದ್ಯಸಹಾಯ ಬೇಕಾಗಿದೆ ಎಂದಿಟ್ಟುಕೊಳ್ಳಿರಿ. ಜರಡಿಯು ಅವರಲ್ಲಿ ೮೦ ಮಂದಿಯನ್ನು ಸರಿಯಾಗಿ ಹಿಡಿಯಲಿ. ಉಳಿದ ೯೦೦ ಮಂದಿಯಲ್ಲಿ ಐದರಲ್ಲೊಬ್ಬಳಂತೆ ೧೮೦ ಮಂದಿಯನ್ನು ಸುಮ್ಮನೆ ಹಿಡಿಯಲಿ. ಒಟ್ಟು ಸಿಕ್ಕಿದವರು ೨೬೦. ಅವರಲ್ಲಿ ನಿಜವಾಗಿ ಸಹಾಯ ಬೇಕಾದವರು ೮೦ ಮಾತ್ರ. ಜರಡಿಯ ಕೆಳಗೆ ಜಾರಿಹೋದ ೨೦ ಮಂದಿಯೂ ಉಂಟಷ್ಟೆ. ಆದಕಾರಣ ಮೊತ್ತ ಹೆಚ್ಚಾಯಿತೆಂದು ಹುಡುಗಿಗೆ ರೋಗಿಯೆಂಬ ಹೆಸರಿಡುವುದೂ ತಪ್ಪು. ಮೊತ್ತ ಕಡಿಮೆಯಾಯಿತೆಂದು ಕಣ್ಣುಮುಚ್ಚಿಕೊಳ್ಳುವುದೂ ತಪ್ಪು. ಜರಡಿಯಾದ ಮೇಲೆ ಸಾವಧಾನವಾಗಿ ಕುಳಿತು ಮಾತನಾಡುವ ಮನುಷ್ಯರು ಬೇಕು. ಆ ಸ್ಥಾನವನ್ನು ಯಾವ ಕಾಗದವೂ ತುಂಬಲಾರದು.

ಇನ್ನು ಭಾಷೆಯ ವಿಷಯ. ಇಂಗ್ಲಿಷಿನಲ್ಲಿ ಬರೆದ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದ ಮಾತ್ರಕ್ಕೆ ಅದು ಕನ್ನಡತಿಯ ಹೃದಯವನ್ನು ಮುಟ್ಟುವುದಿಲ್ಲ. ನಮ್ಮ ಹೆಂಗಸರು “ನಾನು ಖಿನ್ನಳಾಗಿದ್ದೇನೆ” ಎಂದು ಎಲ್ಲಿಯಾದರೂ ಹೇಳುವರೇ? “ತಲೆ ಭಾರ,” “ಹೊಟ್ಟೆಯಲ್ಲಿ ಸಂಕಟ,” “ಎದೆ ಢವಢವ,” “ಕೈಕಾಲು ಸೋತುಹೋಗಿದೆ,” “ಯಾವುದರಲ್ಲೂ ಮನಸ್ಸಿಲ್ಲ” ಎನ್ನುವರು. ಆದುದರಿಂದ ಸಂಶೋಧಕರು ಒಬ್ಬರಿಂದ ಅನುವಾದ ಮಾಡಿಸಿ, ಮೂಲವನ್ನು ನೋಡದ ಬೇರೊಬ್ಬರಿಂದ ಅದನ್ನು ಪುನಃ ಮೂಲಭಾಷೆಗೆ ತಿರುಗಿಸಿ, ಎರಡನ್ನೂ ಹೋಲಿಸಿ ಅರ್ಥವು ಕೆಟ್ಟಿದೆಯೇ ಎಂದು ನೋಡುತ್ತಾರೆ. ಬಳಿಕ ಆಯಾ ಜನರಲ್ಲಿಯೇ ಮಿತಿಯ ಅಂಕವನ್ನು ಹೊಸದಾಗಿ ನಿರ್ಣಯಿಸುತ್ತಾರೆ.

ಈ ವಿಷಯದಲ್ಲಿ ನಮ್ಮ ನಾಡಿಗೂ ಲೋಕದ ಸಂಶೋಧನೆಗೂ ಒಂದು ಸಂಬಂಧವುಂಟೆಂಬುದು ಗಮನಾರ್ಹವಾದದ್ದು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅವರು ದಕ್ಷಿಣ ಕನ್ನಡದಲ್ಲಿ ಹವ್ಯಕ ಮನೆತನಗಳ ಸ್ತ್ರೀಯರ ಜೀವನವನ್ನು ಪರಿಶೀಲಿಸಿ, ೧೯೮೧ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮನೆಯ ಹೊರಗೆ ಮನಸ್ಸನ್ನು ಬಿಚ್ಚಿ ಹೇಳಿಕೊಳ್ಳಲು ಎಡೆಯಿಲ್ಲದ ಸ್ತ್ರೀಯರು ತಮ್ಮ ಸಂಕಟವನ್ನು ದೇಹದ ಬೇನೆಗಳ ಮೂಲಕವೂ ಸಮಾಜವು ಒಪ್ಪುವ ಇತರ ರೀತಿಗಳ ಮೂಲಕವೂ ತಿಳಿಸುತ್ತಾರೆಂದು ಅವರು ತೋರಿಸಿದರು. “ಕ್ಲೇಶದ ನುಡಿಗಟ್ಟುಗಳು” ಎಂದು ಅವರು ಕೊಟ್ಟ ಹೆಸರು ಇಂದು ಲೋಕದಾದ್ಯಂತ ಈ ಶಾಸ್ತ್ರದಲ್ಲಿ ಬಳಕೆಯಲ್ಲಿದೆ. ಇದು ಒಂದು ಸಮುದಾಯದ ಮಾತ್ರ ಸ್ಥಿತಿಯೆಂದು ಯಾರೂ ಎಣಿಸಬಾರದು. ಯಾವ ಜಾತಿಮತದ ಮನೆಯಲ್ಲಿಯಾದರೂ ಬಾಯಿಗೆ ಅವಕಾಶವಿಲ್ಲದಾಗ ದೇಹವು ಮಾತನಾಡತೊಡಗುತ್ತದೆ. ಪದೇ ಪದೇ ತಲೆನೋವೆಂದು ಶಾಲೆಯ ವಿಶ್ರಾಂತಿಕೋಣೆಗೆ ಬರುವ ಹುಡುಗಿಯ ಕಣ್ಣನ್ನು ಪರೀಕ್ಷಿಸುವುದು ಸರಿ. ರಕ್ತವನ್ನು ಪರೀಕ್ಷಿಸುವುದೂ ಸರಿ. ಅವೆರಡೂ ನೆಟ್ಟಗಿದ್ದರೆ “ಸುಳ್ಳು ನೆವ” ಎನ್ನುವುದು ಮಾತ್ರ ಸರಿಯಲ್ಲ. ನೋವು ನಿಜವಾದದ್ದು, ಅದರ ಮೂಲವು ಬೇರೆ ಕಡೆ ಇದ್ದೀತು.

ಕ್ಲೇಶವಿಲ್ಲದಿರುವುದೇ ಕ್ಷೇಮವೋ? ಅಲ್ಲವೆಂದು ಸಂಶೋಧಕರು ಹೇಳುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಕೋರಿ ಕೀಸ್ ಅವರು ೨೦೦೨ರಲ್ಲಿ ಈ ವಿಷಯವನ್ನು ವಿವರಿಸಿ, ಯಾವ ಮನೋರೋಗವೂ ಇಲ್ಲದೆ ಬಾಳು ಬರಿದಾಗಿ ಸೊರಗುತ್ತಿರುವವರು ಬಹುಮಂದಿ ಉಂಟೆಂದು ತೋರಿಸಿದರು. ಹಾಗೆಯೇ ಕಾಯಿಲೆಯಿದ್ದೂ ಸ್ನೇಹ, ಉದ್ಯೋಗ, ಭರವಸೆಗಳಿಂದ ಅರ್ಥಪೂರ್ಣವಾಗಿ ಬಾಳುವವರೂ ಉಂಟು. ಕಳೆ ಕಿತ್ತ ಮಾತ್ರಕ್ಕೆ ತೋಟದಲ್ಲಿ ಹೂವಾಗುವುದಿಲ್ಲವಷ್ಟೆ! ಈ ಕ್ಷೇಮವನ್ನು ಅಳೆಯುವುದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ೧೯೯೮ರಿಂದ ಪ್ರಚಾರದಲ್ಲಿರುವ ಐದು ವಾಕ್ಯಗಳ ಪಟ್ಟಿಯೊಂದುಂಟು. ಕಳೆದ ಎರಡು ವಾರಗಳಲ್ಲಿ ಮನಸ್ಸು ಉಲ್ಲಾಸವಾಗಿದ್ದಿತೇ, ಶಾಂತವಾಗಿದ್ದಿತೇ, ಚಟುವಟಿಕೆಯಿದ್ದಿತೇ, ಬೆಳಿಗ್ಗೆ ಏಳುವಾಗ ದಣಿವಾರಿದ್ದಿತೇ, ದಿನಚರಿಯಲ್ಲಿ ಆಸಕ್ತಿಯ ಸಂಗತಿಗಳಿದ್ದುವೇ ಎಂಬುದು ಅದರ ಸಾರಾಂಶ. ಪ್ರತಿಯೊಂದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ; ಒಟ್ಟು ೨೫. ಇದನ್ನು ನಾಲ್ಕರಿಂದ ಗುಣಿಸಿ ನೂರಕ್ಕೆ ತರುತ್ತಾರೆ. ಮೊತ್ತವು ೫೦ಕ್ಕಿಂತ ಕೆಳಗಿಳಿದರೆ ಮುಂದಿನ ವಿಚಾರಣೆ ಒಳ್ಳೆಯದೆಂದು ಗಣಿಸುವುದುಂಟು. ಐದರಲ್ಲಿ ಒಂದು ವಾಕ್ಯವೂ ರೋಗವನ್ನು ಹೆಸರಿಸುವುದಿಲ್ಲವೆಂಬುದನ್ನು ಗಮನಿಸಿರಿ. ರೋಗದ ಮಾತೆತ್ತಿದರೆ ಹಿಂಜರಿಯುವ ಮಗಳು, “ಬೆಳಿಗ್ಗೆ ಏಳುವಾಗ ದಣಿವು ಆರಿರುತ್ತದೆಯೇ, ಮಗಳೇ?” ಎಂದು ಕೇಳಿದರೆ ಉತ್ತರ ಕೊಡುತ್ತಾಳೆ.

ಹೀಗೆ ಕೇಳುತ್ತ ಹೋದವರು ನಮ್ಮ ದೇಶದಲ್ಲಿ ಕಂಡುದೇನು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ೧೨ ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಯಿಸಿತು. ಅದಕ್ಕೆ ಪೂರ್ವಭಾವಿಯಾದ ಪ್ರಯೋಗವು ನಮ್ಮ ಕೋಲಾರ ಜಿಲ್ಲೆಯಲ್ಲಿ ಜರುಗಿತು. ಇದರಲ್ಲಿ ಬರಿಯ ಜರಡಿಯನ್ನು ಬಳಸದೆ, ತರಬೇತಿ ಹೊಂದಿದವರು ಮನೆಮನೆಗೆ ಹೋಗಿ ಕ್ರಮಬದ್ಧವಾದ ಸಂದರ್ಶನವನ್ನು ಮಾಡಿದರು. ವಯಸ್ಕರಲ್ಲಿಯೇ ೩೪,೮೦೨ ಮಂದಿಯನ್ನು ಮಾತನಾಡಿಸಿದರು. ವಯಸ್ಕರಲ್ಲಿ ೧೦೦ಕ್ಕೆ ೧೦.೬ರಷ್ಟು ಜನರು ಆಗ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ ಬಾಧಿತರಾಗಿದ್ದರು. ೧೩ರಿಂದ ೧೭ ವಯಸ್ಸಿನ ಮಕ್ಕಳಲ್ಲಿ ೧೦೦ಕ್ಕೆ ೭.೩ರಷ್ಟು. ನಲವತ್ತು ಮಕ್ಕಳ ತರಗತಿಯೊಂದನ್ನು ಕಲ್ಪಿಸಿಕೊಂಡರೆ ಈ ಲೆಕ್ಕದಂತೆ ಸುಮಾರು ಮೂವರು. ಸಾಮಾನ್ಯ ಮಾನಸಿಕ ಕಾಯಿಲೆಗಳುಳ್ಳವರಲ್ಲಿ ೧೦೦ಕ್ಕೆ ಸುಮಾರು ೮೫ ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲವೆಂಬುದು ಇನ್ನೂ ವ್ಯಸನಕರವಾದ ಸಂಗತಿ. ವೈದ್ಯರ ಅಭಾವವು ಇದಕ್ಕೊಂದು ಕಾರಣ; ಆದರೆ “ಜನ ಏನೆಂದಾರು?” “ಮದುವೆಗೆ ಅಡ್ಡಿಯಾದೀತು” ಎಂಬ ಭಯವು ಅದಕ್ಕಿಂತ ಸಣ್ಣ ಕಾರಣವೇನೂ ಅಲ್ಲ.

ಅಮೆರಿಕದಲ್ಲಿ ನಡೆದು ೨೦೦೫ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಂತೆ, ಬಾಳಿನಲ್ಲಿ ಎಂದಾದರೂ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು ೧೪ನೆಯ ವಯಸ್ಸಿನೊಳಗಾಗಿ ಆರಂಭವಾಗುತ್ತವೆ. ಅಂದರೆ ಎಂಟನೆಯ, ಒಂಬತ್ತನೆಯ ತರಗತಿಗಳ ಕಾಲ. ಮಕ್ಕಳು ನಮ್ಮ ಕೈಯಲ್ಲಿಯೂ ನಿಮ್ಮ ಕೈಯಲ್ಲಿಯೂ ಇರುವ ಕಾಲ. ಪ್ರೌಢಶಾಲೆಯಲ್ಲಿರುವವರಿಗೆ ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಬೇಕಾಗಿಲ್ಲ.

ಸ್ಥಿತಿ ಹೀಗಿರಲು ನಿರಾಶೆಗೆ ಕಾರಣವುಂಟೋ? ಇಲ್ಲವೆನ್ನುವುದಕ್ಕೆ ಮೂರು ನಿದರ್ಶನಗಳನ್ನು ಕೊಡುತ್ತೇನೆ. ಮೊದಲನೆಯದು ನಮ್ಮದೇ ಬಳ್ಳಾರಿಯದು. ೧೯೮೦ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ, ಉಪಚರಿಸುವ ಶಿಕ್ಷಣವನ್ನಿತ್ತರು. ದೂರದ ಆಸ್ಪತ್ರೆಗೆ ಹೋಗಲಾರದವರಿಗೆ ಹತ್ತಿರದಲ್ಲಿಯೇ ಸಹಾಯ ದೊರೆಯಿತು. ಆ ಮಾದರಿಯನ್ನೇ ಹಿಡಿದು ೧೯೯೬ರಲ್ಲಿ ಭಾರತ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು.

ಎರಡನೆಯದು ಆಫ್ರಿಕಾ ಖಂಡದ ಜಿಂಬಾಬ್ವೆ ದೇಶದ್ದು. ಅಲ್ಲಿಯ ಶೋನಾ ಭಾಷೆಯಲ್ಲಿ ಇಂಥ ಕ್ಲೇಶಕ್ಕೆ “ಕುಫುಂಗಿಸಿಸಾ” ಎನ್ನುತ್ತಾರೆ. ಅತಿಯಾಗಿ ಆಲೋಚಿಸುವುದು ಎಂದು ಅರ್ಥ. “ಯೋಚನೆ ಮಾಡಿ ಮಾಡಿ ಸೊರಗಿದಳು” ಎನ್ನುವ ನಮಗೆ ಈ ಮಾತು ಅಪರಿಚಿತವಲ್ಲ. ೨೦೦೬ರಲ್ಲಿ ಹರಾರೆ ನಗರದಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು ೧೪ ಮಂದಿ ಅಜ್ಜಿಯರಿಗೆ ತರಬೇತಿಯಿತ್ತು, ಚಿಕಿತ್ಸಾಲಯದ ಅಂಗಳದಲ್ಲಿ ಒಂದು ಬೆಂಚಿನ ಮೇಲೆ ಕುಳ್ಳಿರಿಸಿದರು. ಅದಕ್ಕೆ ಸ್ನೇಹದ ಬೆಂಚು ಎಂದು ಹೆಸರಾಯಿತು. ಕ್ಲೇಶಪಡುವವರು ಬಂದು ಅಜ್ಜಿಯ ಪಕ್ಕದಲ್ಲಿ ಕುಳಿತು ಮನಸ್ಸನ್ನು ತೆರೆಯುತ್ತಾರೆ. ಕಷ್ಟಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಮೊದಲು ಕೈಹಾಕಬಹುದಾದ ಒಂದನ್ನು ಆರಿಸಿ, ಅದಕ್ಕೊಂದು ಪರಿಹಾರವನ್ನು ತಾವೇ ಯೋಚಿಸುತ್ತಾರೆ. ಅಜ್ಜಿಯು ಉಪದೇಶ ಮಾಡುವುದಿಲ್ಲ, ಕೇಳುತ್ತಾಳೆ. ೫೭೩ ಮಂದಿಯನ್ನು ಸೇರಿಸಿ ನಡೆಯಿಸಿದ ಪರೀಕ್ಷೆಯ ಫಲಿತಾಂಶವು ೨೦೧೬ರಲ್ಲಿ ಪ್ರಕಟವಾಯಿತು. ಆರು ತಿಂಗಳ ತರುವಾಯ ಖಿನ್ನತೆಯ ಲಕ್ಷಣಗಳು, ಎಂದಿನ ಉಪಚಾರ ಪಡೆದವರಲ್ಲಿ ೧೦೦ಕ್ಕೆ ಸುಮಾರು ೫೦ ಮಂದಿಯಲ್ಲಿ ಉಳಿದಿದ್ದರೆ, ಬೆಂಚಿಗೆ ಬಂದವರಲ್ಲಿ ೧೦೦ಕ್ಕೆ ಸುಮಾರು ೧೪ ಮಂದಿಯಲ್ಲಿ ಮಾತ್ರ ಉಳಿದಿದ್ದುವು.

ಮೂರನೆಯದು ಬಿಹಾರದ ಪ್ರೌಢಶಾಲೆಗಳಿಗೆ ಸೇರಿದ್ದು. ಉಪಾಧ್ಯಾಯ ವರ್ಗದವರಾದ ನಾವು ವಿಶೇಷವಾಗಿ ಮನನ ಮಾಡತಕ್ಕದ್ದು. ಅಲ್ಲಿಯ ನಲಂದಾ ಜಿಲ್ಲೆಯಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವು ಶಾಲೆಗಳಿಗೆ, ಈ ಕೆಲಸಕ್ಕೆಂದೇ ತರಬೇತಿ ಹೊಂದಿದ, ವೈದ್ಯರಲ್ಲದ ಆಪ್ತಸಲಹೆಗಾರರನ್ನು ಕೊಟ್ಟರು. ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಅಲ್ಲಿಯ ಉಪಾಧ್ಯಾಯರಿಗೇ ವಹಿಸಿದರು. ಇನ್ನು ಕೆಲವನ್ನು ಇದ್ದಂತೆಯೇ ಬಿಟ್ಟರು. ಗೋಡೆಪತ್ರಿಕೆ, ಮಕ್ಕಳು ಹೆಸರು ಹೇಳದೆ ತಮ್ಮ ಕಷ್ಟವನ್ನು ಬರೆದು ಹಾಕುವ ಪೆಟ್ಟಿಗೆ, ಬೇಕಾದವರೊಡನೆ ಏಕಾಂತದಲ್ಲಿ ಮಾತುಕತೆ ಮೊದಲಾದುವು ಆ ಕೆಲಸದ ಅಂಗಗಳು. ಸಲಹೆಗಾರರಿದ್ದ ಶಾಲೆಗಳಲ್ಲಿ ಖಿನ್ನತೆಯ ಲಕ್ಷಣಗಳೂ ಮಕ್ಕಳು ಪರಸ್ಪರ ಪೀಡಿಸುವುದೂ ಕಡಿಮೆಯಾದುವು. ಶಾಲೆಯ ವಾತಾವರಣವೇ ಉತ್ತಮಗೊಂಡಿತು. ಉಪಾಧ್ಯಾಯರಿಗೆ ವಹಿಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವು ಕಾಣಲಿಲ್ಲ! ಇದನ್ನು ಓದಿ ನಮಗೆ ಮನಸ್ಸಿಗೆ ಚುಚ್ಚಿದಂತಾಗುವುದು ಸಹಜ. ಆದರೆ ವಿಚಾರಮಾಡಿದರೆ ಕಾರಣವನ್ನು ಊಹಿಸುವುದು ಕಷ್ಟವಲ್ಲವೆಂದು ನನಗೆ ತೋರುತ್ತದೆ. ಪಾಠ, ಪರೀಕ್ಷೆ, ರಿಜಿಸ್ಟರುಗಳ ನಡುವೆ ಉಪಾಧ್ಯಾಯಿನಿಗೆ ಬಿಡುವೆಲ್ಲಿ? ಅದೂ ಅಲ್ಲದೆ, ಅಂಕ ಕೊಡುವ ಕೈಗೆ ಕಣ್ಣೀರನ್ನು ತೋರಿಸಲು ಮಕ್ಕಳು ಅಂಜುತ್ತಾರೆ. ಪ್ರತಿ ಶಾಲೆಯಲ್ಲಿಯೂ ಅಂಕಗಳಿಗೆ ಸಂಬಂಧಪಡದ, ಗುಟ್ಟನ್ನು ಕಾಯುವ ಒಬ್ಬಾಕೆ ಇರಬೇಕು. ಪೋಷಕರ ಸಭೆಗಳಲ್ಲಿ ಕಟ್ಟಡಕ್ಕಾಗಿ, ಬಸ್ಸಿಗಾಗಿ ಕೇಳುವಂತೆ ಇದಕ್ಕಾಗಿಯೂ ನೀವು ಕೇಳಬೇಕೆಂದು ನನ್ನ ಪ್ರಾರ್ಥನೆ.

ಇನ್ನು ಮನೆಯಲ್ಲಿ ಮಾಡತಕ್ಕುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮಗಳನ್ನು ಅವಳ ಎಂದಿನ ಸ್ವಭಾವದೊಂದಿಗೆ ಹೋಲಿಸಿ ನೋಡಿರಿ. ನಿದ್ರೆ, ಊಟ, ಆಟ, ಗೆಳೆತನ ಈ ನಾಲ್ಕರಲ್ಲಿ ಎರಡು ವಾರ ಮೀರಿ ಬದಲಾವಣೆ ನಿಂತರೆ ವಿಚಾರಿಸಿರಿ. ವಿಚಾರಿಸುವಾಗ ಎಲ್ಲರೆದುರಿಗೆ ಬೇಡ. ಕಾಳು ಆರಿಸುವಾಗಲೋ ಜಡೆ ಹೆಣೆಯುವಾಗಲೋ ಮೆಲ್ಲನೆ ಕೇಳಿರಿ. ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಬರುವುದಕ್ಕೆ ಕಾಲ ಹಿಡಿಯುತ್ತದೆ. ಬಂದ ಉತ್ತರಕ್ಕೆ “ಇಷ್ಟಕ್ಕೇ ಅಳುವುದೇ?” ಎಂದು ಮರುನುಡಿಯಬೇಡಿರಿ. ಬದುಕೇ ಬೇಡವೆಂಬ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿರಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂಬ ಭಯವು ನಿರಾಧಾರವೆಂದು ಸಂಶೋಧನೆಗಳಿಂದ ಕಂಡುಬಂದಿದೆ. ಅಂಥ ಸಮಯದಲ್ಲಿ ಅವಳನ್ನು ಒಂಟಿಯಾಗಿ ಬಿಡದೆ ಕೂಡಲೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ೨೦೨೨ರ ಅಕ್ಟೋಬರಿನಲ್ಲಿ ಭಾರತ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಫೋನ್ ಸೇವೆಯೂ ಉಂಟು. ಅದರ ಸಂಖ್ಯೆ ಒಂದು ನಾಲ್ಕು ನಾಲ್ಕು ಒಂದು ಆರು, ಅಂದರೆ ೧೪೪೧೬. ಹಗಲೂ ರಾತ್ರಿಯೂ ಕನ್ನಡದಲ್ಲಿಯೇ ಮಾತನಾಡಬಹುದು. ಕಪಾಟಿನ ಬಾಗಿಲ ಮೇಲೆ ಈ ಸಂಖ್ಯೆಯನ್ನು ಬರೆದಿಟ್ಟರೆ ಮನೆಗೆ ಅಪಶಕುನವೇನೂ ಆಗದು.

ತಾಯಂದಿರೂ ತಮ್ಮನ್ನು ಮರೆಯಬಾರದು. ಖಿನ್ನತೆಯು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚೆಂದು ಲೋಕದ ಸಮೀಕ್ಷೆಗಳು ಹೇಳುತ್ತವೆ. ಮನೆಮಂದಿಯ ಊಟವನ್ನೆಲ್ಲ ವಿಚಾರಿಸಿ ಕಡೆಗೆ ತಾನು ಉಣ್ಣುವವಳು, ತನ್ನ ಮನಸ್ಸಿನ ಸರದಿಯನ್ನೂ ಕಡೆಗೇ ಇಡುತ್ತಾಳೆ. ಈ ಶಾಲೆಯಿಂದ ಹೊರಟ ನೀವು ಒಬ್ಬರನ್ನೊಬ್ಬರು ಕಂಡಾಗ ಮಕ್ಕಳ ಅಂಕಗಳನ್ನೂ ಯಜಮಾನರ ಉದ್ಯೋಗವನ್ನೂ ಕೇಳುವುದು ಸರಿ. ಅದರ ಜೊತೆಗೆ, “ನಿನಗೆ ರಾತ್ರಿ ನಿದ್ರೆ ಬರುತ್ತದೆಯೇ? ಮನಸ್ಸು ನೆಮ್ಮದಿಯಾಗಿದೆಯೇ?” ಎಂದೂ ಕೇಳಿರಿ. ಐವತ್ತು ವರ್ಷಗಳಿಗೂ ಮಿಕ್ಕಿದ ಸಂಶೋಧನೆಯು ರೂಪಿಸಿದ ಪ್ರಶ್ನೆಗಳು ಕಡೆಗೆ ಇಷ್ಟು ಸರಳವಾದುವು. ಅವುಗಳನ್ನು ಕೇಳುವುದಕ್ಕೆ ಪದವಿ ಬೇಡ. ಉತ್ತರ ಬರುವವರೆಗೆ ಕುಳಿತಿರುವ ತಾಳ್ಮೆಯೊಂದು ಬೇಕು.